ಒಂದು ವಾಕ್ಯ ಹೆಚ್ಚು

ಸೂರತ್
೯ ಜನವರಿ ೨೦೦೫

ಭೀಮ್ಯಾ,

ಕುಶಲ ಕೇಳುವುದು ಆಮೇಲೆ, ಮೊದಲು ಸಿಟ್ಟು. ಮಣಿನಗರ ಸ್ಟೇಷನ್ನಿನಲ್ಲಿ ರೈಲು ಹೊರಡುವ ತನಕ ನೀನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ರೈಲು ಅಲುಗಾಡಿದ ಮೇಲೆ ಕಿಟಕಿಯ ಪಕ್ಕ ಓಡುತ್ತ ಬಂದು ಹೇಳಿದ್ದೇನು? "ಅಕ್ಕಾ, ಫೋನ್ ಮಾಡಬ್ಯಾಡ." ನಿನ್ನ ಕೋಣೆಯ ಜೇಡರಬಲೆ ಹೊಡೆದು, ಸೀದ ಪಾತ್ರೆ ತಿಕ್ಕಿ, ಹೊಸ ಮೊಬೈಲು ಕೊಡಿಸಿ ಬಂದವಳಿಗೆ ಒಳ್ಳೇ ಬಹುಮಾನ ಕೊಟ್ಟೆ!

ಬೇಡವಾದರೆ ಬೇಡ. ಮಾತಾಡುವುದಿಲ್ಲ. ಆದರೆ ಫೋನು ಸುಮ್ಮನೆ ಕೂಡುವುದೂ ಬೇಡ. ಇಲ್ಲಿ ಹಾಲಿನವನಿಂದ ಹಿಡಿದು ವಜ್ರದ ವ್ಯಾಪಾರಿಯ ತನಕ ಎಲ್ಲರೂ ಮಿಸ್ಡ್ ಕಾಲಿನಲ್ಲೇ ಸಂಸಾರ ಮಾಡುತ್ತಾರೆ. ನಾವೂ ಮಾಡೋಣ. ರಾತ್ರಿ ಒಂಬತ್ತಕ್ಕೆ ನಾನು ಒಂದು ರಿಂಗು ಕೊಟ್ಟು ಕಟ್ ಮಾಡುತ್ತೇನೆ. ನೀನು ಗುಳಿಗೆ ನುಂಗಿ, ನೀರು ಕುಡಿದು, ನನಗೊಂದು ರಿಂಗು ಕೊಟ್ಟು ಕಟ್ ಮಾಡು. ನಿನ್ನ ರಿಂಗು ಬಂತು ಅಂದರೆ ಗುಳಿಗೆ ಹೊಟ್ಟೆಗೆ ಹೋಯಿತು ಅಂತ ಅರ್ಥ. ಬರದಿದ್ದರೆ ಮರುದಿನ ಮೊದಲ ಗಾಡಿಗೆ ನಾನೇ ಅಲ್ಲಿಗೆ ಬರುತ್ತೇನೆ, ಮತ್ತೆ ನಿನ್ನ ಪಾತ್ರೆ ತಿಕ್ಕುತ್ತೇನೆ. ಯಾವುದು ಬೇಕೋ ನೋಡು.

ವಡೋದರಾದ ಡಾಕ್ಟರ್ ಪಾರುಲ್‌ಬೆನ್ ಹೇಳಿದ್ದೂ ನೆನಪಿರಲಿ. ಪ್ರತಿ ಶನಿವಾರ ಸೈಬರ್ ಕೆಫೆಗೆ ಹೋಗಿ ಅವರ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ನಿದ್ದೆ ಬಂತೇ, ದನಿಗಳು ಕೇಳಿದವೇ, ಗುಳಿಗೆ ತಪ್ಪಿತೇ, ಅಷ್ಟೇ ಇರುವುದು. ಸ್ಕಿಜೋಫ್ರೇನಿಯಾ ಅನ್ನುವ ಶಬ್ದ ಅವರು ನಗುನಗುತ್ತ ಹೇಳಿದಾಗ ನನಗೆ ಅರ್ಧ ಭಯ ಕಡಿಮೆಯಾಯಿತು. ನಿನಗೂ ಆಗಿರಬೇಕು.

ಭಾವ ನಿನ್ನನ್ನು ಕೇಳಿದರು. ಅದಿತಿ ಮಾಮಾನ ಕೋಣೆಯಲ್ಲಿ ಟಿ.ವಿ. ಇದೆಯೇ ಅಂತ ಕೇಳಿದಳು.

ಅಕ್ಕ

ಮಣಿನಗರ, ಅಹಮದಾಬಾದ್
೧೬ ಜನವರಿ ೨೦೦೫

ಅಕ್ಕಾ,

ನಿನ್ನ ಸಿಟ್ಟು ಬಟಾಟೆ ಬೇಯುವಷ್ಟು ಹೊತ್ತು ಮಾತ್ರ ಇರುತ್ತದೆ ಅಂತ ಅವ್ವ ಹೇಳುತ್ತಿದ್ದಳು. ಈಗ ಇಳಿದಿರಬೇಕು ಅಂದುಕೊಂಡು ಬರೆಯುತ್ತಿದ್ದೇನೆ.

ಫೋನು ಯಾಕೆ ಬೇಡ ಅಂದೆ ಅಂತ ಸ್ಟೇಷನ್ನಿನಲ್ಲಿ ಹೇಳಲು ಆಗಲಿಲ್ಲ. ಆರು ವರ್ಷದಿಂದ ನನಗೆ ಕೇಳಿಸುವ ದನಿಗಳಿಗೆ ಮುಖವಿಲ್ಲ. ಫೋನಿನಲ್ಲಿ ನಿನ್ನ ದನಿಗೂ ಮುಖವಿಲ್ಲ. ಅವುಗಳಲ್ಲಿ ಒಂದು ನಿನ್ನ ಹಾಗೆಯೇ ಮಾತಾಡುವುದನ್ನು ಕಲಿತುಬಿಟ್ಟಿದೆ. "ಭೀಮ್ಯಾ, ನಿನಗ ಯಾರೂ ಇಲ್ಲೋ" ಅನ್ನುತ್ತದೆ, ಥೇಟ್ ನಿನ್ನ ರಾಗದಲ್ಲಿ. ನೀನು ಎದುರಿಗಿದ್ದರೆ ತುಟಿ ನೋಡಿ ತಿಳಿದುಕೊಳ್ಳಬಹುದು. ಫೋನಿನಲ್ಲಿ ಏನು ನೋಡಲಿ? ಪತ್ರವಾದರೆ ಭಯವಿಲ್ಲ. ನೀನು ಬರೆಯುವ 'ಳ' ಅಕ್ಷರದ ಬಾಲ ಕೆಳಗಿನ ಸಾಲಿಗೆ ಹೋಗಿ ತಾಕುತ್ತದೆ. ಅದನ್ನು ಕಲಿಯುವುದು ಆ ದನಿಗಳಿಂದ ಆಗಿಲ್ಲ.

ಮೊನ್ನೆ ಉತ್ತರಾಯಣಕ್ಕೆ ಮನೆಯ ಮಾಲೀಕರು ತಾರಸಿಗೆ ಕರೆದರು. ಗಾಳಿಪಟ ಹಾರಿಸಲು ನನಗೆ ಬರುವುದಿಲ್ಲ, ದಾರ ಸುತ್ತಿದ ಫಿರಕಿ ಹಿಡಿದುಕೊಂಡು ನಿಂತಿದ್ದೆ. ಸುತ್ತ ಎಲ್ಲ ತಾರಸಿಗಳ ಮೇಲೂ ಜನ, ಎಲ್ಲರೂ ಕೂಗುವವರೇ. ಊರಿಗೆ ಊರೇ ಕೂಗುವಾಗ ನನ್ನವು ಸುಮ್ಮನಿದ್ದವು. ಸಂಜೆ ಎಲ್ಲರೂ ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಡೈ ಹೌಸಿನಲ್ಲಿ ಕೆಲಸ ಸರಿಯಾಗಿದೆ. ಗಿರಾಕಿ ಕೊಟ್ಟ ಬಟ್ಟೆಯ ತುಂಡು ನೋಡಿ ಅದೇ ಬಣ್ಣ ಕುದಿಸಿ ತೆಗೆಯಬೇಕು. ಗುಳಿಗೆಯಿಂದ ಬೆಳಿಗ್ಗೆ ಕಣ್ಣು ಮಂಕಾಗಿ ಎರಡು ನೀಲಿ ಒಂದೇ ಥರ ಕಾಣುತ್ತವೆ. ಮಾಲೀಕ ನಿತೇಶ್‌ಭಾಯಿ ಒಳ್ಳೆಯವರು, ಇನ್ನೊಮ್ಮೆ ನೋಡು ಅನ್ನುತ್ತಾರೆ.

ಒಂಬತ್ತರ ರಿಂಗು ಬರುತ್ತಿದೆ. ಅದು ಬಂದಾಗ ಕೋಣೆಯಲ್ಲಿ ಇನ್ನೊಬ್ಬರು ಇದ್ದ ಹಾಗೆ ಆಗುತ್ತದೆ.

ಭೀಮಸೇನ

ಸೂರತ್
೧೩ ಫೆಬ್ರವರಿ ೨೦೦೫

ಭೀಮ್ಯಾ,

ಶಹಬ್ಬಾಸ್! ಒಂದು ದಿನವೂ ರಿಂಗು ತಪ್ಪಿಸಿಲ್ಲ. ನಾನು ಕಟ್ ಮಾಡಿ ಫೋನು ಕೆಳಗಿಡುವುದರೊಳಗೆ ನಿನ್ನದು ಬಂದುಬಿಡುತ್ತದೆ. ಇಷ್ಟು ಬೇಗ ನೀರು ಹೇಗೆ ಕುಡಿಯುತ್ತೀಯೋ ದೇವರಿಗೇ ಗೊತ್ತು.

ನಮ್ಮ ಮನೆಯ ಕಥೆ ಏನು ಕೇಳುತ್ತೀ, ಛತ್ರವಾಗಿದೆ. ಭಾವನ ವಿಮಾ ಆಫೀಸಿನವರು ಬಂದು ಪೋಂಕ್ ತಿಂದು ಹೋದರು. ಪೋಂಕ್ ಅಂದರೆ ಮತ್ತೇನಲ್ಲ, ನಮ್ಮೂರ ಸೀತನಿ. ಅದೇ ಎಳೆಯ ಜೋಳ. ಇವರು ಅದಕ್ಕೆ ಸೇವು ಬೆರೆಸಿ, ನಿಂಬೆಹಣ್ಣು ಹಿಂಡಿ, ಯಾವುದೋ ಹೊಸ ಲೋಕ ಕಂಡುಹಿಡಿದವರ ಹಾಗೆ ತಿನ್ನುತ್ತಾರೆ. ಅವ್ವ ಕೆಂಡದ ಮೇಲೆ ಸುಟ್ಟು ಉಜ್ಜಿ ಕೊಡುತ್ತಿದ್ದದ್ದು ನೆನಪಾಯಿತು. ಇವರಿಗೆ ಹೇಳಿದರೆ ತಿಳಿಯುವುದಿಲ್ಲ ಅಂತ ಇನ್ನೊಂದು ತಟ್ಟೆ ತುಂಬಿ ಕೊಟ್ಟೆ.

ಅದಿತಿ ಇಲ್ಲೇ ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಕನ್ನಡದಲ್ಲಿ ಮಾತಾಡಿಸಿದರೆ ಗುಜರಾತಿಯಲ್ಲಿ ಉತ್ತರ. ಮನೆ ತುಂಬ ಗದ್ದಲ, ಪತ್ರ ಬರೆಯಲೂ ಪುರುಸೊತ್ತಿಲ್ಲ. ಆದರೂ ನಾಲ್ಕು ಪುಟ ಬರೆಯುತ್ತಿದ್ದೇನೆ ನೋಡು, ನಿನ್ನ ಪುಣ್ಯ.

ಅಕ್ಕ

ಮಣಿನಗರ
೧೨ ಏಪ್ರಿಲ್ ೨೦೦೫

ಅಕ್ಕಾ,

ಎಷ್ಟೋ ವಿಷಯಗಳಿವೆ, ಒಂದೊಂದೇ ಬರೆಯಲು ಕೈ ಸಾಲದು. ಈಗೀಗ ಬಣ್ಣಗಳು ಎಷ್ಟು ಸ್ಪಷ್ಟ ಅಂತೀ! ಎರಡು ನೀಲಿಗಳ ನಡುವೆ ಇನ್ನೂ ಹತ್ತು ನೀಲಿ ಕಾಣುತ್ತವೆ. ಮೊದಲ ಸಲಕ್ಕೇ ಬಣ್ಣ ಹೊಂದಿಸಿಕೊಡುತ್ತಿದ್ದೇನೆ. ನಿತೇಶ್‌ಭಾಯಿ ಎಲ್ಲರೆದುರು ಬೆನ್ನು ತಟ್ಟಿದರು. ನಿದ್ದೆ ಅಷ್ಟಾಗಿ ಬೇಕೆನಿಸುವುದಿಲ್ಲ. ನಿದ್ದೆ ಮಾಡಿ ಯಾರು ಏನು ಸಾಧಿಸಿದ್ದಾರೆ?

ಮೇಲಿನ ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ನಲ್ಲಿ ತಿರುಗಿಸುತ್ತಾರೆ. ಅದರಲ್ಲಿ ಒಂದು ಲೆಕ್ಕವಿದೆ. ನನಗೆ ಮಾತ್ರ ತಿಳಿಯಲಿ ಅಂತ ಮಾಡುತ್ತಾರೋ ಏನೋ. ಇರಲಿ, ನೀನು ಗಾಬರಿಯಾಗಬೇಡ.

ನಿನ್ನ ಪತ್ರ ಮತ್ತೆ ಓದಿದೆ. ಅದರ ತುಂಬ ಜನ. ನನಗೆ ಸಂತೋಷವಾಯಿತು. ನನ್ನ ಪಾಲಿನ ಜನರನ್ನೆಲ್ಲ ದೇವರು ನಿನ್ನ ಮನೆಗೆ ಕಳಿಸಿದ್ದಾನೆ ಅನ್ನಿಸಿತು. ಒಬ್ಬರ ಮನೆಯಾದರೂ ತುಂಬಿರಲಿ.

ರಿಂಗು ತಪ್ಪದೆ ಕೊಡುತ್ತಿದ್ದೇನೆ, ಹೌದಲ್ಲ?

ಭೀಮಸೇನ

ಸೂರತ್
೨೬ ಏಪ್ರಿಲ್ ೨೦೦೫

ಭೀಮ್ಯಾ,

ದಿನಾ ರಿಂಗು ಕೊಟ್ಟೆಯಲ್ಲೋ! ದಿನಾ ಕೊಟ್ಟೆಯಲ್ಲ! ನಾನು ಇಲ್ಲಿ ಪೆದ್ದಿಯ ಹಾಗೆ ಫೋನನ್ನು ಕಣ್ಣಿಗೊತ್ತಿಕೊಂಡು ಮಲಗುತ್ತಿದ್ದೆ.

ಪಾರುಲ್‌ಬೆನ್ ನಿನ್ನೆ ಫೋನು ಮಾಡಿದರು. ಶನಿವಾರದ ಪ್ರಶ್ನೆಗಳಲ್ಲಿ "ಗುಳಿಗೆ ತೆಗೆದುಕೊಂಡಿರಾ" ಅಂತ ಕೇಳಿದ್ದಕ್ಕೆ ವಾರದ ಮೇಲೆ ವಾರ "ಇಲ್ಲ" ಅಂತಲೇ ಒತ್ತಿದ್ದೀಯಂತೆ. ಅವರು ನಿನಗೆ ಫೋನು ಮಾಡಿದರೆ ಎತ್ತಲಿಲ್ಲವಂತೆ. ಗುಳಿಗೆ ಬಿಟ್ಟು ಒಂದು ತಿಂಗಳೇ ಆಯಿತಂತೆ. ಕಂಪ್ಯೂಟರಿಗೆ ಖರೇ ಹೇಳುತ್ತೀ, ಒಡಹುಟ್ಟಿದ ಅಕ್ಕನಿಗೆ ಸುಳ್ಳು ರಿಂಗು ಕೊಡುತ್ತೀ. ನಾನೇನು ಆ ಡಬ್ಬಿಗಿಂತ ಕಡೆಯೇ?

ಬಯ್ಯಬಾರದು ಅಂತ ಡಾಕ್ಟರು ಹೇಳಿದ್ದಾರೆ. ಬಯ್ದಾಯಿತು. ಈಗ ಕೇಳು. ನಿನ್ನ ಮನೆಯ ಮಾಲೀಕರ ಜೊತೆ ಮಾತಾಡಿದ್ದೇನೆ, ಅವರು ನಿನ್ನನ್ನು ವಡೋದರಾಕ್ಕೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ನಾನೂ ಬರುತ್ತೇನೆ. ಈ ಪತ್ರವನ್ನು ಅವರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಅಕ್ಷರ ನೋಡು. ನಾನೇ ಬರೆದದ್ದು. ಅವರ ಜೊತೆ ಹೋಗು, ನನ್ನಪ್ಪ.

ಅಕ್ಕ

ವಡೋದರಾ
೧೪ ಮೇ ೨೦೦೫

ಅಕ್ಕಾ,

ನೀನು ಹೋದ ಮೇಲೆ ವಾರ್ಡು ಮತ್ತೆ ದೊಡ್ಡದಾಯಿತು. ನೀನು ತಂದ ಶೇಂಗಾ ಚಟ್ನಿಯನ್ನು ಪಕ್ಕದ ಹಾಸಿಗೆಯವರಿಗೂ ಕೊಟ್ಟೆ. ಅವರು ಅಳುತ್ತ ತಿಂದರು. ಖಾರ ಹೆಚ್ಚಾಗಿತ್ತು.

ನಿನಗೆ ಯಾಕೆ ಸುಳ್ಳು ರಿಂಗು ಕೊಟ್ಟೆ ಅಂತ ನೀನು ಇಲ್ಲಿ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಕಂಪ್ಯೂಟರು ಅಳುವುದಿಲ್ಲ. ಅದಕ್ಕೆ "ಇಲ್ಲ" ಅಂದರೆ ಮುಂದಿನ ಪ್ರಶ್ನೆಗೆ ಹೋಗುತ್ತದೆ. ನಿನಗೆ ರಿಂಗು ಕೊಡದಿದ್ದರೆ ನೀನು ತುಂಬಿದ ಮನೆ ಬಿಟ್ಟು ಓಡಿ ಬರುತ್ತಿದ್ದೆ. ನನ್ನಿಂದ ಇನ್ನೊಬ್ಬರ ಮನೆ ಹಾಳಾಗಬಾರದು ಅಂತ ನನಗೆ ಮೊದಲಿನಿಂದಲೂ ಭಯ. ಇಷ್ಟು ದಿನದಲ್ಲಿ ಭಾವನಿಗೆ ಒಮ್ಮೆಯೂ ರಜೆ ಸಿಗಲಿಲ್ಲ ಅಂತ ನೀನು ಅಂದೆ. ನನ್ನ ಮೇಲೆ ಅವರಿಗೆ ಬೇಸರವೇ?

ಪಾರುಲ್‌ಬೆನ್ ಒಂದು ಉಪಾಯ ಹೇಳಿದ್ದಾರೆ. ರಿಂಗು ಸುಳ್ಳು ಹೇಳಬಲ್ಲದು, ದನಿಯನ್ನು ಮರೆಮಾಚುವುದು ಕಷ್ಟ. ಅದಕ್ಕೇ ನೀನು ನನ್ನ ಜೊತೆ ಫೋನಿನಲ್ಲಿ ಮಾತಾಡಬೇಕಂತೆ. ಮೂರು ಭಾನುವಾರ. ಮಾತು ಮುಗಿದ ಕೂಡಲೇ ನನಗೆ ಏನು ಕೇಳಿಸಿತೋ ನಾನು ಬರೆಯಬೇಕು, ನೀನು ಏನು ಹೇಳಿದೆಯೋ ನೀನು ಬರೆಯಬೇಕು. ಇಬ್ಬರೂ ಮರುದಿನ ಬೆಳಿಗ್ಗೆಯೇ ಟಪಾಲಿಗೆ ಹಾಕಬೇಕು, ಒಬ್ಬರದನ್ನೊಬ್ಬರು ನೋಡಿ ಬರೆಯಬಾರದು. ಎರಡೂ ತಾಳೆಯಾದರೆ ನನ್ನ ಕಿವಿಯನ್ನು ನಾನು ನಂಬಬಹುದು. ಹೆಚ್ಚಿಗೆ ಏನಾದರೂ ಕೇಳಿಸಿದ್ದರೆ ಗುಳಿಗೆ ಹೆಚ್ಚಿಸಬೇಕಾಗುತ್ತದೆ. ಹೆಚ್ಚಿಸಿದರೆ ಕಣ್ಣು ಮಂಕು, ಕೈ ನಡುಕ. ಬಣ್ಣದ ಕೆಲಸ ಹೋದ ಹಾಗೇ.

ನನಗೆ ಹೆದರಿಕೆ ಇದೆ. ಆದರೂ ನಿನ್ನ ದನಿ ಇನ್ನಷ್ಟು ಕೇಳಬೇಕು ಅನ್ನಿಸುತ್ತದೆ. ಎದುರಿಗೆ ಕೂತಾಗ ಕೇಳಿದ್ದು ಸಾಲಲಿಲ್ಲ.

ಭೀಮಸೇನ

ಸೂರತ್
೨೦ ಜೂನ್ ೨೦೦೫

ಭೀಮ್ಯಾ,

ನೀನು ಮಣಿನಗರಕ್ಕೆ ಮರಳಿದ್ದು, ನಿತೇಶ್‌ಭಾಯಿ ಮತ್ತೆ ಕೆಲಸಕ್ಕೆ ತೆಗೆದುಕೊಂಡದ್ದು ತಿಳಿದು ಗಣಪತಿಗೆ ಕಾಯಿ ಒಡೆಸಿದೆ. ಭಾವನಿಗೆ ಬೇಸರವೆಂಥದು! ಆಫೀಸು ಬಿಟ್ಟರೆ ಅವರಿಗೆ ಲೋಕವೇ ಇಲ್ಲ. ನಿನ್ನ ಮೇಲಲ್ಲ, ನಿಶ್ಚಿಂತೆಯಿಂದಿರು.

ಜುಲೈ ಮೂರು, ಭಾನುವಾರ, ರಾತ್ರಿ ಒಂಬತ್ತಕ್ಕೆ ಫೋನು ಮಾಡುತ್ತೇನೆ. ಎತ್ತು. ಏನು ಮಾತಾಡಬೇಕು ಅಂತ ಈಗಿನಿಂದಲೇ ಯೋಚಿಸುತ್ತಿದ್ದೇನೆ. ಮದುವೆಗೆ ಮುಂಚೆ ನಿನ್ನ ಭಾವ ಬಂದು ಹಾಡು ಹೇಳು ಅಂದಾಗ ಇಷ್ಟು ಗಾಬರಿಯಾಗಿರಲಿಲ್ಲ.

ಅಕ್ಕ

ಮಣಿನಗರ
೩ ಜುಲೈ ೨೦೦೫, ಭಾನುವಾರ

ಅಕ್ಕಾ,

ಫೋನು ಇಟ್ಟ ಕೂಡಲೇ ಬರೆಯುತ್ತಿದ್ದೇನೆ. ಕೇಳಿಸಿದ್ದು ಇಷ್ಟು.

"ಭೀಮ್ಯಾ, ನಾನೋ, ಅಕ್ಕ."

"ಉಂಡಿಯೇನೋ?" ಖಿಚಡಿ ಉಂಡೆ ಅಂದೆ.

"ಗುಳಿಗಿ?" ತಗೊಂಡೆ ಅಂದೆ.

"ಅಲ್ಲೆ ಮಳಿ ಹತ್ತೇದೇನು?" ಹತ್ತೇದ ಅಂದೆ.

ಆಮೇಲೆ ಸಣ್ಣ ದನಿಯಲ್ಲಿ, "ಮನ್ಯಾಗ ಯಾರೂ ಇಲ್ಲೋ. ಒಬ್ಬಾಕಿಗೇ ಇರಲಿಕ್ಕೆ ಆಗವಲ್ದು."

"ಇಡ್ತೀನಿ" ಅಂತ ಕೇಳಿಸಿತು, ಕಟ್ ಆಯಿತು. ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ.

ಕೊನೆಯ ಮಾತಿನ ಮೇಲೆ ನನಗೆ ಅನುಮಾನವಿದೆ. ನಿನ್ನ ಮನೆ ಛತ್ರ ಅಂತ ನೀನೇ ಬರೆದಿದ್ದೀ. ಆದರೆ ದನಿ ನಿನ್ನದೇ ಇದ್ದ ಹಾಗಿತ್ತು, ಅತ್ತು ಮೂಗು ಕಟ್ಟಿದಾಗ ಇರುವಂಥದ್ದು. ನಿನ್ನ ಪತ್ರ ಬರುವ ತನಕ ಏನೂ ಅಂದುಕೊಳ್ಳುವುದಿಲ್ಲ.

ಭೀಮಸೇನ

ಸೂರತ್
೩ ಜುಲೈ ೨೦೦೫, ಭಾನುವಾರ

ಭೀಮ್ಯಾ,

ಎತ್ತಿದೆಯಲ್ಲೋ, ಜಾಣ! ಫೋನಿನಲ್ಲಿ ನಿನ್ನ ದನಿ ಎಷ್ಟು ದಪ್ಪ, ಥೇಟ್ ಅಪ್ಪನ ಹಾಗೆ. ಡಾಕ್ಟರು ಹೇಳಿದಂತೆ ನಾನು ಆಡಿದ್ದನ್ನೆಲ್ಲ ಬರೆಯುತ್ತೇನೆ. ನಾನು ಅಕ್ಕ ಅಂದೆ. ಉಂಡಿಯೇನು ಅಂತ ಕೇಳಿದೆ. ಗುಳಿಗೆ ಕೇಳಿದೆ. ಮಳೆ ಕೇಳಿದೆ. ಇಡ್ತೀನಿ ಅಂದೆ. ಅಷ್ಟೇ.

ಅದಿತಿ ಟಿ.ವಿ. ಜೋರಾಗಿ ಹಚ್ಚಿದ್ದಳು, ಭಾವ ಊಟಕ್ಕೆ ಕೂಗುತ್ತಿದ್ದರು. ಅದಕ್ಕೇ ಜಾಸ್ತಿ ಮಾತಾಡಲು ಆಗಲಿಲ್ಲ.

ಅಕ್ಕ

ಮಣಿನಗರ
೮ ಜುಲೈ ೨೦೦೫

ಅಕ್ಕಾ,

ನಿನ್ನ ಪತ್ರ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನ್ನ ಪತ್ರ ನನ್ನ ಹತ್ತಿರ ಇಲ್ಲ. ಆದರೆ ನೆನಪಿದೆ. ನನ್ನದರಲ್ಲಿ ಒಂದು ವಾಕ್ಯ ಹೆಚ್ಚು.

ನಿನ್ನ ಮನೆಯಲ್ಲಿ ಟಿ.ವಿ. ಜೋರಾಗಿತ್ತು, ಭಾವ ಕೂಗುತ್ತಿದ್ದರು. ನನಗೆ ಎರಡೂ ಕೇಳಿಸಲಿಲ್ಲ. ಇದ್ದದ್ದು ಕೇಳಿಸಲಿಲ್ಲ, ಇಲ್ಲದ್ದು ಕೇಳಿಸಿತು. ಯಾರೂ ಇಲ್ಲ ಅನ್ನುವುದು ಆ ದನಿಗಳ ಹಳೆಯ ಮಾತೇ. ಇಷ್ಟು ದಿನ ನನಗೆ ಅನ್ನುತ್ತಿದ್ದವು, ಈಗ ನಿನ್ನ ಬಾಯಿಯಿಂದ ನಿನ್ನ ಬಗ್ಗೆಯೇ ಅನ್ನಿಸಿದವು. ಅಷ್ಟೇ ವ್ಯತ್ಯಾಸ.

ಪಾರುಲ್‌ಬೆನ್‌ಗೆ ಸೈಬರ್ ಕೆಫೆಯಿಂದ ಬರೆದು ತಿಳಿಸಿದೆ. ಅವರು ಉತ್ತರ ಕಳಿಸಿದರು, ಇವತ್ತಿನಿಂದ ಗುಳಿಗೆ ಹೆಚ್ಚು. ನಿನ್ನ ಮೇಲೆ ನನಗೆ ಏನೂ ಇಲ್ಲ. ನೀನು ಪ್ರಾಮಾಣಿಕವಾಗಿ ಬರೆದೆ, ಒಳ್ಳೆಯದಾಯಿತು. ಮೊಬೈಲನ್ನು ಸ್ವಿಚ್ ಆಫ್ ಮಾಡಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಆ ದನಿ ಇನ್ನೊಮ್ಮೆ ಹಾಗೆ ಅಂದರೆ ತಡೆಯಲಾರೆ. ಭಾನುವಾರ ಹಚ್ಚಬೇಡ.

ಎಲ್ಲರಿಗೂ ನನ್ನ ನಮಸ್ಕಾರ ಹೇಳು.

ಭೀಮಸೇನ

ಸೂರತ್
೧೧ ಜುಲೈ ೨೦೦೫

ಭೀಮ್ಯಾ,

ಅಕ್ಷರ ನೋಡು. ಮೊದಲು ಅಕ್ಷರ ನೋಡು, 'ಳ' ನೋಡು, ಆಮೇಲೆ ಓದು.

ಆ ಮಾತು ನಾನೇ ಅಂದದ್ದು. ಮನೆಯಲ್ಲಿ ಯಾರೂ ಇಲ್ಲ, ಒಬ್ಬಳಿಗೇ ಇರಲು ಆಗುತ್ತಿಲ್ಲ ಅಂತ ನಾನೇ, ನಿನ್ನ ಅಕ್ಕ ಕಮಲಾಕ್ಷಿ, ನನ್ನ ಬಾಯಿಂದಲೇ ಅಂದೆ. ನೀನು ಸರಿಯಾಗಿ ಕೇಳಿಸಿಕೊಂಡಿದ್ದೀ. ಟಿ.ವಿ. ಇರಲಿಲ್ಲ. ಯಾರೂ ಕೂಗಲಿಲ್ಲ. ನಿನ್ನ ಕಿವಿ ಒಂದಕ್ಷರ ತಪ್ಪಿಲ್ಲ.

ನಿನ್ನ ಭಾವನಿಗೆ ಹೋದ ದಸರೆಗೇ ಜಾಮನಗರಕ್ಕೆ ವರ್ಗವಾಗಿದೆ. ಮೊದಮೊದಲು ಶನಿವಾರ ಬರುತ್ತಿದ್ದರು. ಈಗ ಹಬ್ಬಕ್ಕೂ ಬರುವುದಿಲ್ಲ, ಬಾ ಅಂತ ಕರೆಯುವುದೂ ಇಲ್ಲ. ಅದಿತಿ ಹೋದ ವರ್ಷದಿಂದ ಪುಣೆಯ ಹಾಸ್ಟೆಲಿನಲ್ಲಿದ್ದಾಳೆ. ಪೋಂಕ್ ತಿನ್ನಲು ಯಾರೂ ಬಂದಿರಲಿಲ್ಲ. ಕಾಲು ಕಿಲೋ ತಂದು ಒಬ್ಬಳೇ ಕೂತು ತಿಂದೆ. ದಿನದಲ್ಲಿ ನಾನು ಮಾತಾಡುವುದು ತರಕಾರಿಯವಳ ಜೊತೆ, ಗುಜರಾತಿಯಲ್ಲಿ. ಕನ್ನಡ ಬರುವುದು ನಿನಗೆ ಪತ್ರ ಬರೆಯುವಾಗ ಮಾತ್ರ. ರಾತ್ರಿ ಒಬ್ಬಳಿಗೆ ಏನು ಮಾಡಿಕೊಳ್ಳುವುದು ಅಂತ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದು ಮಲಗುತ್ತೇನೆ. ನಿನ್ನ ಒಂಬತ್ತರ ರಿಂಗು ಬಂದ ಮೇಲೆ ಈ ಮನೆಗೆ ಇನ್ನೇನೂ ಬರುವುದಿರುತ್ತಿರಲಿಲ್ಲ.

ಯಾಕೆ ಮುಚ್ಚಿಟ್ಟೆ? ನಾನು ಗಟ್ಟಿಗಿತ್ತಿ ಅಂತ ನೀವೆಲ್ಲ ಅಂದುಕೊಂಡಿದ್ದೀರಿ, ನೀನಂತೂ ನಿನ್ನಿಂದ ಯಾರ ಮನೆಯೂ ಹಾಳಾಗಬಾರದು ಅಂತ ಹೆದರುತ್ತಿದ್ದೆ. ಹಾಳಾದದ್ದು ನಿನ್ನಿಂದಲ್ಲವೋ. ಅವತ್ತು ನಿನ್ನ ದನಿ ಕೇಳಿ, "ಹತ್ತೇದ" ಅಂತ ನಮ್ಮೂರ ಮಾತು ಕೇಳಿ, ಹಿಡಿದದ್ದು ಜಾರಿತು. ಫೋನಿಟ್ಟ ಮೇಲೆ ನಾಚಿಕೆಯಾಯಿತು. ನಾಚಿಕೆಗೆ ಆ ಸಾಲನ್ನು ಬಿಟ್ಟು ಬರೆದೆ. ಅದರ ಜಾಗದಲ್ಲಿ ಟಿ.ವಿ.ಯನ್ನು ಇಟ್ಟೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿನ್ನ ಮೂರನೇ ತಾರೀಕಿನ ಪತ್ರ ಬೇಗನೇ ಬಂದಿತ್ತು. ನೀನು ಕೇಳಿಸಿಕೊಂಡಿದ್ದೀ ಅಂತ ತಿಳಿದೂ ಕಪಾಟಿನಲ್ಲಿಟ್ಟೆ. ನಾಳೆ ಬರೆದರಾಯಿತು, ಇಷ್ಟಕ್ಕೆ ಏನಾಗುತ್ತದೆ ಅಂದುಕೊಂಡೆ. ಆಗಿದ್ದು ಏನು ಅಂತ ಇವತ್ತು ನಿನ್ನ ಎರಡನೇ ಪತ್ರ ಹೇಳಿತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿನ್ನನ್ನು ಹುಚ್ಚ ಅನ್ನಿಸಿಬಿಟ್ಟೆ, ಭೀಮ್ಯಾ.

ಓದಿದ ಕೂಡಲೇ ಫೋನು ಹಚ್ಚಿದೆ, ನಿನ್ನೆ ಭಾನುವಾರದ ಹಾಗೆಯೇ ಸ್ವಿಚ್ ಆಫ್. ಚಪ್ಪಲಿ ಮೆಟ್ಟಿಕೊಂಡು ಕೆಳಗಿನ ಸೈಬರ್ ಕೆಫೆಗೆ ಹೋಗಿ ಪಾರುಲ್‌ಬೆನ್‌ಗೆ ಎಲ್ಲವನ್ನೂ ಬರೆದೆ. ನನ್ನ ಜನ್ಮದ ಮೊದಲ ಈಮೇಲು. ಮನೆಯಲ್ಲಿ ಯಾರೂ ಇಲ್ಲ ಅಂತ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಆ ಡಬ್ಬಿಗೆ ಖರೇ ಹೇಳುವುದು ಸುಲಭ ಅಂತ ನೀನು ಬರೆದಿದ್ದೆಯಲ್ಲ, ಹೌದೋ. ನಿನಗೆ ಬರೆಯುವುದೇ ಕಷ್ಟವಾಯಿತು.

ಅಕ್ಕ

ಮಣಿನಗರ
೨೦ ಜುಲೈ ೨೦೦೫

ಅಕ್ಕಾ,

ಪತ್ರ ಬಂತು. 'ಳ' ನೋಡಿದೆ. ನೀನೇ.

ಡಾಕ್ಟರು ಗುಳಿಗೆಯನ್ನು ಮತ್ತೆ ಮೊದಲಿನಷ್ಟಕ್ಕೆ ಇಳಿಸಿದ್ದಾರೆ. ನಡುವಿನ ದಿನಗಳಲ್ಲಿ ನನ್ನ ಕೈಯಲ್ಲಿ ಒಂದು ದೊಡ್ಡ ಆರ್ಡರಿನ ಬಣ್ಣ ಕೆಟ್ಟಿತು. ನಾನೀಗ ಪ್ಯಾಕಿಂಗಿನಲ್ಲಿದ್ದೇನೆ. ದೀಪಾವಳಿಯ ತನಕ ನೋಡೋಣ ಅಂದಿದ್ದಾರೆ ನಿತೇಶ್‌ಭಾಯಿ. ಅಲ್ಲಿ ಯಾರೂ ಮಾತಾಡುವುದಿಲ್ಲ, ಟೇಪು ಹರಿಯುವ ಸದ್ದು ಒಂದೇ. ನಿನ್ನ ಮೇಲೆ ಮೊದಲ ದಿನ ಸಿಟ್ಟು ಬಂತು. ಬಟಾಟೆ ಬೇಯುವುದಕ್ಕಿಂತ ಜಾಸ್ತಿ ಹೊತ್ತು ಇತ್ತು.

ಆಮೇಲೆ ಒಂದು ಹೊಳೆಯಿತು. ಆರು ವರ್ಷದಲ್ಲಿ, "ನಿನಗೆ ಕೇಳಿಸಿದ್ದು ನಿಜ" ಅಂತ ನನಗೆ ಯಾರೂ ಹೇಳಿರಲಿಲ್ಲ. ನೀನೇ ಮೊದಲು. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಮೊಬೈಲನ್ನು ಪೆಟ್ಟಿಗೆಯಿಂದ ತೆಗೆದು ಚಾರ್ಜಿಗೆ ಹಾಕಿದ್ದೇನೆ. ಭಾನುವಾರ ಒಂಬತ್ತಕ್ಕೆ ರಿಂಗು ಬಂದ ಕೂಡಲೇ ಎತ್ತು, ಕಟ್ ಮಾಡಬೇಡ. ಈ ಸಲ ಹಚ್ಚುವವನು ನಾನು. ಉಂಡಿಯೇನು ಅಂತ ಮೊದಲು ನಾನು ಕೇಳುತ್ತೇನೆ. ಖಾರಿ ತಿಂದಿದ್ದರೆ ಖಾರಿ ಅಂತಲೇ ಹೇಳು.

ಭೀಮಸೇನ